ಹೆಂಗಸರ ಮಾತಿನ ಹಾಸ್ಯ ಕಾಗದಕ್ಕೆ ಇಳಿದರೆ ಸಪ್ಪೆಯಾಗುತ್ತದೆ, ಯಾಕೆ?

ಸಂಜೆಮಲ್ಲಿಗೆ:
ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ 8 ನಿಮಿಷದ ಹಾಸ್ಯ ಪ್ರಬಂಧ ಓದಬೇಕು. ವಸ್ತು, ಮನೆಯ ಹೆಂಗಸರು ದಿನಾ ಆಡುವ ಮಾತು. ಟಿಪ್ಪಣಿ ಪುಸ್ತಕದಲ್ಲಿ 40 ಮಾತುಗಳಿವೆ. ಕೇಳುವಾಗ ನಕ್ಕು ಸುಸ್ತಾಗಿತ್ತು, ಬರೆದು ಓದಿದರೆ ವರದಿ ಓದಿದ ಹಾಗಿದೆ. ಒಂದು ಮಾದರಿ ನೋಡಿ:

“ಅವರು ಯಾವಾಗಲೂ ಊಟದ ಸಮಯಕ್ಕೆ ಸರಿಯಾಗಿಯೇ ನಮ್ಮ ಮನೆಗೆ ಬರುತ್ತಾರೆ” ಎಂದು ಆಕೆ ವ್ಯಂಗ್ಯವಾಗಿ ನುಡಿದಳು.

ಎಲ್ಲಿ ತಪ್ಪುತ್ತಿದೆ? ಕೊನೆಯಲ್ಲಿ ಒಂದೆರಡು ಒಡಪು (ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಮಾತು) ಸೇರಿಸಬಹುದಾ? 8 ನಿಮಿಷಕ್ಕೆ ಎಷ್ಟು ಪದ ಬೇಕು?

ಒಗ್ಗರಣೆಡಬ್ಬಿ:
ಮೊದಲು ಲೆಕ್ಕ ಮುಗಿಸಿಬಿಡೋಣ. ನಿಧಾನವಾಗಿ, ನಗುವಿಗೆ ಜಾಗ ಬಿಟ್ಟು ಓದಿದರೆ ನಿಮಿಷಕ್ಕೆ 90ರ ಆಸುಪಾಸು. 8 ನಿಮಿಷಕ್ಕೆ 700 ಪದ ಸಾಕು. ಅದರಲ್ಲಿ 40 ಮಾತು ತುರುಕಬೇಡಿ, 6 ಅಥವಾ 7 ಆರಿಸಿ. ಒಂದು ನಗು ಇಳಿಯುವ ಮೊದಲೇ ಇನ್ನೊಂದು ಬಂದರೆ ಎರಡೂ ಹಾಳು.

ಈಗ ನಿಮ್ಮ ಮಾದರಿಗೆ ಬರೋಣ. ಆ ಮಾತು ಬಾಯಲ್ಲಿ ಬಂದಿದ್ದು ಹೆಚ್ಚುಕಮ್ಮಿ ಹೀಗಿರಬೇಕು: “ಪಾಪ ಅವ್ರಿಗೆ, ನಮ್ಮನೆ ದಾರಿ ಕಾಣೋದೇ ಊಟದ ಹೊತ್ತಿಗೆ.” ಬರೆಯುವಾಗ ಮೂರು ಕಡೆ ಪೆಟ್ಟು ಬಿದ್ದಿದೆ. ‘ಪಾಪ’ ಹೋಯಿತು. ಚುಚ್ಚುವ ಮೊದಲು ಸವರುವ ಪದ ಅದು, ಅದಿಲ್ಲದಿದ್ದರೆ ಉಳಿಯುವುದು ಬರೀ ದೂರು. ಎರಡನೆಯದು ಪದಗಳ ಕ್ರಮ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ, ಹಾಗಾಗಿ ನಗೆಯ ಪದ ನಡುವೆ ಸಿಕ್ಕಿಕೊಂಡು ‘ಬರುತ್ತಾರೆ’ ಎನ್ನುವಷ್ಟರಲ್ಲಿ ಆರಿಹೋಗುತ್ತದೆ. ಮಾತಾಡುವವರು ಇದನ್ನು ‘ಕಾಣೋದೇ’, ‘ಮಾಡೋದೇ’, ‘ಬಂದಿದ್ದೇ’ ಅಂತ ತಿರುಗಿಸಿ ದಾಟುತ್ತಾರೆ. ಕ್ರಿಯೆ ಮುಂದಕ್ಕೆ ಬಂದು ನಗೆಯ ಪದ ಕೊನೆಗೆ ಹೋಗುತ್ತದೆ. ನಿಮ್ಮ 40 ಮಾತುಗಳಲ್ಲೂ ಕೊನೆಯ ಪದಕ್ಕೆ ಗೆರೆ ಎಳೆದು ನೋಡಿ, ಸಪ್ಪೆಯಾದ ಮಾತುಗಳಲ್ಲೆಲ್ಲ ಗೆರೆ ಬೀಳುವುದು ‘ಇದೆ’, ‘ಆಗಿದೆ’, ‘ಎಂದಳು’ ಇವುಗಳ ಕೆಳಗೇ.

ಮೂರನೆಯದು ‘ವ್ಯಂಗ್ಯವಾಗಿ ನುಡಿದಳು’. ವ್ಯಂಗ್ಯ ಅಂತ ಹೇಳಿಕೊಂಡು ಬರುವ ವ್ಯಂಗ್ಯಕ್ಕೆ ಯಾರೂ ನಗುವುದಿಲ್ಲ. ಅಲ್ಲಿ ಅವಳ ಕೈ ಏನು ಮಾಡುತ್ತಿತ್ತು ಅಂತ ಬರೆಯಿರಿ: ‘ಎಂದಳು, ಇನ್ನೆರಡು ತಟ್ಟೆ ತೊಳೆಯುತ್ತಾ’. ಬೈದದ್ದೂ ಅವಳೇ, ಬಡಿಸುವವಳೂ ಅವಳೇ. ಎರಡು ತಟ್ಟೆ ಅದನ್ನು ಹೇಳಿಬಿಡುತ್ತವೆ.

ಸಣ್ಣ ಪ್ರತ್ಯಯಗಳನ್ನೂ ‘ತಿದ್ದಿ’ ಬಿಸಾಡಬೇಡಿ. “ಅವರಿಗೆ ಅಡುಗೆ ಬರುತ್ತೆ” ಎಂಬುದು ಮಾಹಿತಿ, “ಅವರಿಗೆ ಅಡುಗೆ ಬರುತ್ತಂತೆ” ಎಂಬುದು ತೀರ್ಪು. ಆ ‘ಅಂತೆ’ ಇದ್ದರೆ ನಾಳೆ ಯಾರಾದರೂ ಕೇಳಿದಾಗ ‘ನಾನೆಲ್ಲಿ ಹೇಳಿದೆ, ಯಾರೋ ಅಂದರು’ ಅಂತ ಜಾರಿಕೊಳ್ಳಲು ದಾರಿಯೂ ಇರುತ್ತದೆ. ‘ಕಾಫಿ ಗೀಫಿ’, ‘ಪೂಜೆ ಗೀಜೆ’ ತರಹದ ಜೋಡಿಯೂ ಅಷ್ಟೇ. ಆ ‘ಗೀ’ ಎದುರಿಗಿರುವ ವಸ್ತುವಿನ ಗತ್ತನ್ನು ಒಂದೇ ಏಟಿಗೆ ಇಳಿಸುತ್ತದೆ.

ಹರಟಿಕಟ್ಟಿ:
ಒಡಪು ಕೇಳೀರಿ ಅಂದ್ರ ಹೇಳತೀನ್ರಿ. ಸೇರಸ್ರಿ, ಆದ್ರ ಕೊನಿಗೆ ಬ್ಯಾಡ. ನಡುವ ಹಾಕ್ರಿ, ನಾಕು ನಿಮಿಷ ಆದಮ್ಯಾಲ, ಕೇಳವ್ರ ಕಿವಿ ದಣಿಯೂ ಹೊತ್ತಿಗೆ.

ಉತ್ತರ ಕರ್ನಾಟಕದಾಗ ಮದುವಿ, ಕುಬಸ (ಬಸುರಿಗೆ ಮಾಡೂ ಸೀಮಂತ) ಇಂಥಾವು ನಡದಾಗ ಗಂಡನ ಹೆಸರು ಹೇಳು ಅಂತ ಕಾಡತಾರಲ್ಲ, ಆವಾಗ ಹೇಳೂದು ಇದು. ಹೆಸರು ಹಿಡದು ಕರಿಯೂದಿಲ್ಲ ಅನ್ನೂ ಕಟ್ಟು ಇದ್ದಲ್ಲೇ ಹೆಸರು ಹೇಳೂದು ಒಂದು ಆಟ ಆತು. ಅದಕ್ಕ ಹೆಸರು ಕಡೀ ಪದ ಆಗಬೇಕು. ನಡುವ ಬಂತಂದ್ರ ಆಟ ಅಲ್ಲೇ ಮುಗೀತು, ಮುಂದಿಂದು ಯಾರೂ ಕೇಳೂದಿಲ್ಲ.

ಕಟ್ಟೂದು ಹಿಂದಿನಿಂದ. ಮೊದಲ ಹೆಸರು ತಗೋರಿ, ಅದರ ಬಾಲ ನೋಡ್ರಿ. ಶಂಕ್ರಪ್ಪ ಅಂದ್ರ ‘ಪ್ಪ’. ಅದಕ್ಕ ಕೂಡೂ ಎರಡು ಪದ, ಅವೂ ಕೈಗೆ ಸಿಗೂ ಸಾಮಾನು ಇರಬೇಕು: ಉಪ್ಪ, ತುಪ್ಪ. ಮೊದಲಿನ ಎರಡು ತುಂಡಿನಾಗ ಗಂಡನ ಸುದ್ದಿ ಬರಬಾರದು, ದೇವರ ಪೂಜಿ ಮಾಡಿದಂಗ ಗಂಭೀರ ಇರಬೇಕು. ಮೂರನೇದರಾಗ ಕಾಲು ಎಳೀರಿ.

ಹಪ್ಪಳಕ್ಕ ಉಪ್ಪ, ಹೋಳಿಗಿಗೆ ತುಪ್ಪ,
ಎರಡೂ ತರ್ರಿ ಅಂದ್ರ ಚೀಲಾನ ಬಿಟ್ಟು ಬಂದ್ರು ನಮ್ಮ ಶಂಕ್ರಪ್ಪ.

‘ಬಂದ್ರು’ ನೋಡ್ರಿ, ‘ಬಂದ’ ಅಲ್ಲ. ಮರ್ಯಾದಿ ಪೂರ್ತಿ ಕೊಟ್ಟು ಮರ್ಯಾದಿ ತಗಿಯೂದು ಇದು. ಏಕವಚನ ಹಾಕಿದ್ರ ಬೈಗಳ ಆಗತದ, ನಗಿ ಹೋಗತದ. ಎರಡಕ್ಕಿಂತ ಹೆಚ್ಚು ಒಡಪು ಬ್ಯಾಡ್ರಿ. ಮೂರನೇದಕ್ಕ ಜನ ಪ್ರಾಸ ಮೊದಲೇ ಊಹಿಸ್ತಾರ.

ಇನ್ನೊಂದು, ನಿಮ್ಮ ಬರಹ ಮೈಸೂರು ಕಡೀದು ಇದ್ದು ಒಡಪು ನಮ್ಮ ಕಡೀದು ಆದ್ರ, ಅದನ್ನ ಆಡಾಕ ಇಲ್ಲಿಯ ಒಂದು ಹೆಣ್ಣಮಗಳನ್ನ ಪ್ರಬಂಧದಾಗ ಕೂಡಸ್ರಿ. ಒಬ್ಬಾಕಿ ಬಾಯಾಗನ ‘ಕಣೇ’, ‘ಮಾರಾಯ್ತಿ’, ‘ನೋಡವಾ’ ಮೂರೂ ಬಂದ್ರ ಆಕಿ ಯಾವ ಊರಾಕಿ ಅಂತ ಹುಡಕೂದರಾಗ ನಗೂದು ಮರೀತಾರ.

ಹಳೇಪುಟ:
ಒಗ್ಗರಣೆಡಬ್ಬಿಯವರ ಮಾತಿಗೆ ಒಂದು ತಕರಾರು. ಎಲ್ಲ ಕಡೆಯೂ ನಗೆಯ ಪದವನ್ನು ಕೊನೆಗೇ ತಂದರೆ 700 ಪದದಲ್ಲಿ ಅದೊಂದು ಯಂತ್ರದ ಸದ್ದಾಗುತ್ತದೆ. ಮೂರು ಮಾತು ಹಾಗೆ ಮುಗಿದರೆ ನಾಲ್ಕನೆಯದು ಬೇರೆ ತರಹ ಮುಗಿಯಲಿ, ಒಂದು ಮಾತು ಅರ್ಧಕ್ಕೇ ನಿಲ್ಲಲಿ. “ನಾನೇನೂ ಹೇಳೋಲ್ಲಪ್ಪ, ಆದ್ರೆ...” ಅಲ್ಲಿಗೆ ಬಿಟ್ಟುಬಿಡಿ. ಉಳಿದದ್ದನ್ನು ಸಭೆಯೇ ತುಂಬಿಕೊಳ್ಳುತ್ತದೆ.

ಬೀಸುವ ಕಲ್ಲಿನ ಮುಂದೆ ಹುಟ್ಟಿದ ಮೂರು ಸಾಲಿನ ಹಾಡು, ಅಂದರೆ ತ್ರಿಪದಿಗಳಲ್ಲಿ ಈ ಕಸುಬು ಹಳೆಯದು. ಲೆಕ್ಕದಂತೆ ತ್ರಿಪದಿಗೆ 11 ಗಣ (ಲಯಕ್ಕಾಗಿ ಮಾಡುವ ಅಕ್ಷರಗಳ ಗುಂಪು), ಸಾಲಿಗೆ 4, 4, 3. ಮೂರನೆಯ ಸಾಲು ಒಂದು ಗಣ ಮೋಟು, ಕಿವಿ ಇನ್ನೊಂದು ಹೆಜ್ಜೆ ನಿರೀಕ್ಷಿಸುತ್ತಿರುವಾಗಲೇ ಮಾತು ಮುಗಿದಿರುತ್ತದೆ. ಗದ್ಯದಲ್ಲೂ ಹೀಗೇ ಮಾಡಿ: ಎರಡು ಉದ್ದ ವಾಕ್ಯ, ಆಮೇಲೆ ಒಂದು ಮೋಟು.

ನೀವು ಕೇಳದಿದ್ದರೂ ಒಂದು ವಿಷಯ. ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದನ್ನು ಪ್ರತಿ ಮಾತಿಗೂ ಪರೀಕ್ಷಿಸಿ. ಮಾತಾಡಿದವಳ ಜಾಣತನಕ್ಕೆ ನಕ್ಕರೆ ಸರಿ, ಅವಳ ದಡ್ಡತನಕ್ಕೆ ನಕ್ಕರೆ ಅದು ವಾಟ್ಸಾಪಿನಲ್ಲಿ ಸುತ್ತುವ ‘ಹೆಂಡತಿ ಜೋಕು’, ಸಭೆಯಲ್ಲಿ ಎಲ್ಲರೂ ಆಗಲೇ ಓದಿರುತ್ತಾರೆ. ಹಾಸ್ಯ ಲೇಖಕ ರಾಶಿಯವರು (ಎಂ. ಶಿವರಾಂ) 1942ರಲ್ಲಿ ಶುರುಮಾಡಿದ ಹಾಸ್ಯ ಮಾಸಪತ್ರಿಕೆಗೆ ಇಟ್ಟ ಹೆಸರು ‘ಕೊರವಂಜಿ’, ಅಂದರೆ ಮನೆಮನೆಗೆ ಬಂದು ಕಣಿ ಹೇಳುವ ಹೆಣ್ಣು. ನಗುವವಳೂ ಅವಳೇ, ಬಣ್ಣ ಬಯಲು ಮಾಡುವವಳೂ ಅವಳೇ. ಅದೇ ಪತ್ರಿಕೆಯಲ್ಲಿ ಬರೆದ ಟಿ. ಸುನಂದಮ್ಮ ಮನೆಯೊಳಗಿನ ಮಾತನ್ನೇ ಹಾಸ್ಯ ಮಾಡಿದರು. ನಿಮ್ಮ ವಸ್ತು ಹಗುರ ಎಂದು ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ.

ಟಿಪ್ಪಣಿ ಪುಸ್ತಕದಲ್ಲಿ ಮಾತಿನ ಪಕ್ಕ ಇನ್ನೂ ಮೂರು ಸಂಗತಿ ಬರೆದಿಡಿ: ಯಾರಿಗೆ ಹೇಳಿದ್ದು, ಆಗ ಕೈಯಲ್ಲಿ ಏನು ಕೆಲಸವಿತ್ತು, ಕೇಳಿಸಿಕೊಳ್ಳಲಿ ಎಂದು ಹೇಳಿದ್ದು ಯಾರಿಗೆ. ಮೊದಲನೆಯದೂ ಕೊನೆಯದೂ ಬೇರೆ ಆದರೆ ಆ ಮಾತು ವೇದಿಕೆಗೆ ಯೋಗ್ಯ. ಬೆಕ್ಕಿಗೆ ಬೈದರೆ ಅತ್ತೆಗೆ ತಾಗಬೇಕು. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬ ಗಾದೆ ಇದನ್ನೇ ಹೇಳುವುದು. ಅದೇ ದಿನ ಬರೆದಿಡಿ, ಮೂರು ದಿನ ಕಳೆದರೆ ನೆನಪು ತಾನಾಗಿ ವ್ಯಾಕರಣ ತಿದ್ದಿಬಿಡುತ್ತದೆ. ಸಂಬಂಧ, ವಯಸ್ಸು, ಜಾಗ ಬದಲಿಸಿ. ಆಡಿದವರು ಸಭೆಯಲ್ಲೇ ಕೂತಿರುತ್ತಾರಾದರೆ ಮೊದಲೇ ಓದಿ ತೋರಿಸಿ.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದ. ಒಂದು ತುಣುಕನ್ನು ಹೊಸದಾಗಿ ಬರೆದೆ:

ಅತ್ತೆ: “ನಮ್ಮ ಕಾಲದಲ್ಲಿ ಈ ಕುಕ್ಕರ್ ಎಲ್ಲಿತ್ತಮ್ಮ, ಕೂಗಿ ಹೇಳೋಕೆ?”
ಸೊಸೆ: “ಇರ್ಲಿಲ್ಲ ಅತ್ತೆ. ಕೂಗೋಕೆ ನೀವಿದ್ರಲ್ಲ.”
ಸೊಸೆಯ ಜಾಣ ಉತ್ತರ ಕೇಳಿ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು.

ಒಗ್ಗರಣೆಡಬ್ಬಿ:
ಮೊದಲೆರಡು ಸಾಲು ಚೆನ್ನಾಗಿವೆ, ಮೂರನೆಯದನ್ನು ಹೊಡೆದು ಹಾಕಿ. ಪ್ರಬಂಧದೊಳಗಿನವರು ನಕ್ಕರೆ ಹೊರಗಿನವರಿಗೆ ಕೆಲಸ ಉಳಿಯುವುದಿಲ್ಲ. ಅಲ್ಲದೆ ಅತ್ತೆ ಇಲ್ಲಿ ಸುಮ್ಮನೆ ಸೋತು ಕೂತಿದ್ದಾರೆ, ಸಭೆಯಲ್ಲಿ ಅರ್ಧ ಜನ ಅತ್ತೆಯರೇ. ಅವರಿಗೂ ಒಂದು ಮಾತು ಕೊಡಿ:

“ಈಗ ಕುಕ್ಕರೂ ಇದೆ, ನಾನೂ ಇದೀನಿ. ಆದ್ರೂ ದಿನಾ ಸೀಯೋದು ಅನ್ನಾನೇ.”

ಓದುವಾಗ ‘ನೀವಿದ್ರಲ್ಲ’ ಆದಮೇಲೆ ಎರಡು ಸೆಕೆಂಡು ನಿಲ್ಲಿ. ಸಭೆ ನಗಲು ಶುರುಮಾಡಿದರೆ ಮಧ್ಯೆ ಓದಬೇಡಿ, ನಗು ಏರಿ ಇಳಿಯತೊಡಗಿದಾಗ ಅತ್ತೆಯ ಮಾತು ಹೇಳಿ. ಪೂರ್ತಿ ನಿಶ್ಶಬ್ದವಾಗುವವರೆಗೆ ಕಾದರೆ ತಡವಾಯಿತು. ಅಚ್ಚು ಹಾಕಿದ ಪ್ರತಿಯಲ್ಲಿ ಆ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಅಡ್ಡಗೆರೆ ಹಾಕಿಕೊಳ್ಳಿ.

ಹರಟಿಕಟ್ಟಿ:
ಅತ್ತಿ ಮಾತು ಓದೂಮುಂದ ದನಿ ಏರಸಬ್ಯಾಡ್ರಿ. ಮೆತ್ತಗ, ಅನ್ನದ ತಳ ಕೆರಕೋತ ಹೇಳಿದಂಗ ಹೇಳ್ರಿ.