ಬಾಲ್ ಪೈಥಾನ್ ಮರಿ ಮಾಡಿಸುವುದು: ನಮ್ಮ ಕರಾವಳಿ ಹವೆಯಲ್ಲಿ ಆಗುತ್ತಾ?

ಸುರತ್ಕಲ್_ಕಡಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಹೆಣ್ಣು ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಹೆಬ್ಬಾವು) ಉಂಟು. ಮೂರು ವರ್ಷದ್ದು, ತೂಕ 1200 ಗ್ರಾಂ. ಬೆಂಗಳೂರಿನ ಗೆಳೆಯನಿಂದ ಬಂದದ್ದು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನನ್ನ ಹೆಸರಿಗೆ ನೋಂದಣಿಯೂ ಆಗಿದೆ. ಈ ಡಿಸೆಂಬರ್‌ನಲ್ಲಿ ಗಂಡು ತಂದು ಜೋಡಿ ಮಾಡಬೇಕು ಅಂತ ತುಂಬಾ ಆಸೆ.

ಆದರೆ ಮಳೆ ಹಿಡಿದ ಮೇಲೆ ಇಲಿ ಮುಟ್ಟುತ್ತಿಲ್ಲ. ಫ್ರೀಜರ್ ಇಲಿಯನ್ನು ಕರಗಿಸಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದರೆ ನಾಲಿಗೆ ಚಾಚಿ ನೋಡುತ್ತದೆ, ಆಮೇಲೆ ತಲೆ ತಿರುಗಿಸಿ ಡಬ್ಬದೊಳಗೆ ಹೋಗಿ ಸುತ್ತಿಕೊಳ್ಳುತ್ತದೆ. ಕೆಳಗೆ ಕೋಕೋಪೀಟ್ ಹಾಸಿದ್ದೇನೆ. ತೇವದ ಮೀಟರ್ ಶೇಕಡಾ 88, 90 ಹೀಗೆ ತೋರಿಸುತ್ತದೆ. ಚಳಿ ಇಲ್ಲವಲ್ಲ ಅಂತ ಹೀಟ್ ಮ್ಯಾಟ್ ಆಫ್ ಇದೆ.

ಗಂಡು ಒಂದು ಸಿಗುವ ಹಾಗಿದೆ, ಸ್ಪೈಡರ್ ಮಾರ್ಫ್ (ಮೈಬಣ್ಣದ ಒಂದು ತಳಿ). ತಲೆ ಸ್ವಲ್ಪ ಅಲ್ಲಾಡಿಸುತ್ತದೆ, ಅದರಿಂದ ಏನೂ ತೊಂದರೆ ಇಲ್ಲ ಅಂತ ಕೊಡುವವರು ಹೇಳುತ್ತಾರೆ, ನಿಜವಾ? ಮೊಟ್ಟೆಗೆ ಥರ್ಮಾಕೋಲ್ ಪೆಟ್ಟಿಗೆ, ಥರ್ಮೋಸ್ಟ್ಯಾಟ್ ರೆಡಿ ಮಾಡಿಟ್ಟಿದ್ದೇನೆ, ಟೆರೇಸ್ ರೂಮಿನಲ್ಲಿ ಇಡುವ ಯೋಚನೆ. ಇನ್ನೊಂದು ಕೇಳಬೇಕಿತ್ತು. ಬಂಟ್ವಾಳದಲ್ಲಿ ಭಾವನ ಅಡಿಕೆ ತೋಟದಲ್ಲಿ ಬೇಸಿಗೆಗೆ ಹೆಬ್ಬಾವು ಮೊಟ್ಟೆ ಇಡುವುದುಂಟು. ಮುಂದಿನ ಸಲ ಸಿಕ್ಕಿದರೆ ಅದನ್ನೂ ಇದೇ ಪೆಟ್ಟಿಗೆಯಲ್ಲಿ ಮರಿ ಮಾಡಿಸಿ ಬಿಡಬಹುದಾ?

ಉಡುಪಿ_ಉರಗ

ಮೊದಲು ಮಳೆಗಾಲ ಸರಿ ಮಾಡೋಣ ಮಾರಾಯ್ರೆ, ಮರಿ ಆಮೇಲೆ.

ಬಾಲ್ ಪೈಥಾನ್ ಘಾನಾ, ಟೋಗೊ, ಬೆನಿನ್ ಕಡೆಯ ಹುಲ್ಲುಗಾವಲಿನ ಹಾವು. ಹಗಲೆಲ್ಲ ಇಲಿ ಬಿಲದಲ್ಲೋ ಗೆದ್ದಲು ಹುತ್ತದಲ್ಲೋ ಇರುತ್ತದೆ. ನಮ್ಮ ಜುಲೈ ಅದಕ್ಕೆ ಗೊತ್ತೇ ಇಲ್ಲ. ಅದಕ್ಕೆ ಬೇಕಾದ ತೇವ 50ರಿಂದ 60, ಪೊರೆ ಬಿಡುವಾಗ 70ರವರೆಗೆ ಸಾಕು. ನಿಮ್ಮದು 90. ಇಲ್ಲಿಯ ಮುಖ್ಯ ಕಷ್ಟವೇ ಇದು. ಅಂತರ್ಜಾಲದಲ್ಲಿ ಓದಿದ ಸಲಹೆ ಎಲ್ಲ ಒಣ ಚಳಿ ದೇಶದವರು ಬರೆದದ್ದು, ಅವರು ನೀರು ಚಿಮುಕಿಸಿ ಅನ್ನುತ್ತಾರೆ, ನಾವು ನೀರು ತೆಗೆಯಬೇಕು.

ಹೀಟ್ ಮ್ಯಾಟ್ ಇವತ್ತೇ ಆನ್ ಮಾಡಿ. ಬೆಚ್ಚಗೆ ಮಾಡುವುದಕ್ಕೆ ಮಾತ್ರ ಅಲ್ಲ ಅದು. ಗಾಳಿ ಬಿಸಿಯಾದರೆ ಅದೇ ನೀರಿನಂಶಕ್ಕೆ ತೇವದ ಅಂಕಿ ಇಳಿಯುತ್ತದೆ, 26 ಡಿಗ್ರಿಯಲ್ಲಿ 90 ಇದ್ದದ್ದು 32 ಡಿಗ್ರಿಗೆ ಬಂದಾಗ 65ರ ಹತ್ತಿರ ಬರುತ್ತದೆ. ಅಂದರೆ ಹಾವಿಗೆ ಹೋಗಿ ಕೂರಲು ಒಂದು ಒಣ ಮೂಲೆ ಸಿಕ್ಕಿತು. ಬಿಸಿ ಬದಿ 31ರಿಂದ 33, ತಂಪು ಬದಿ 26ರ ಆಚೀಚೆ ಇರಲಿ. ಥರ್ಮೋಸ್ಟ್ಯಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ, ಹೊಟ್ಟೆ ಸುಡುತ್ತಿದ್ದರೂ ಹಾವು ಏಳದೆ ಅಲ್ಲೇ ಮಲಗಿರುವುದುಂಟು.

ಕೋಕೋಪೀಟ್ ಸೆಪ್ಟೆಂಬರ್ ಮುಗಿಯುವವರೆಗೆ ತೆಗೆದುಬಿಡಿ. ಅದು ಗಾಳಿಯ ನೀರನ್ನೆಲ್ಲ ಹೀರಿಕೊಂಡು ಕೂರುತ್ತದೆ. ಪೇಪರ್ ಹಾಸಿ, ಒದ್ದೆಯಾದ ಕೂಡಲೇ ಬದಲಾಯಿಸಿ. ನೀರಿನ ಬಟ್ಟಲು ಚಿಕ್ಕದು, ತಂಪು ಬದಿಗೆ. ಟಬ್ಬಿನ ಎರಡೂ ಬದಿಗೆ ತೂತು ಬೇಕು, ಒಂದೇ ಬದಿಗಿದ್ದರೆ ಗಾಳಿ ಆಡುವುದಿಲ್ಲ. ಇವತ್ತು ರಾತ್ರಿ ಒಮ್ಮೆ ಎತ್ತಿ ಹೊಟ್ಟೆಯ ಅಡಿ ನೋಡಿ. ಅಡ್ಡ ಹುರುಪೆಗಳ ಅಂಚು ಕಂದು ಅಥವಾ ಕೆಂಪಾಗಿದ್ದರೆ, ಸಣ್ಣ ನೀರ್ಗುಳ್ಳೆ ಇದ್ದರೆ, ಚರ್ಮ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಬಾಯಿ ತೆರೆದು ಉಸಿರಾಡುವುದು, ಚಿಟಿಕೆ ಹೊಡೆದ ಹಾಗೆ ಸದ್ದು, ಮೂಗಿನ ಹತ್ತಿರ ಗುಳ್ಳೆ, ಇದರಲ್ಲಿ ಒಂದು ಕಂಡರೂ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್‌ನಿಂದ ಮಾತ್ರೆ ತಂದು ಹಾಕಬೇಡಿ.

ಊಟ ಬಿಟ್ಟದ್ದಕ್ಕೆ ಗಾಬರಿ ಬೇಡ. ದೊಡ್ಡ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇರುವುದು ಮಾಮೂಲು. ವಾರಕ್ಕೊಮ್ಮೆ ತೂಗಿ ಬರೆದಿಡಿ. ಹತ್ತನೇ ಒಂದು ಭಾಗ ಇಳಿದರೆ ಆಗ ತೋರಿಸಬೇಕು.

ಮಣಿಪಾಲ_ವೆಟ್_ಅಕ್ಕ

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನನ್ನದು ಬೇರೆ ಪ್ರಶ್ನೆ. ಅದು ಹೆಣ್ಣು ಅಂತ ಹೇಳಿದ್ದು ಯಾರು? ಬಾಲ ನೋಡಿ ಅಂದಾಜು ಮಾಡಿದ್ದಾ, ಅಥವಾ ಗೊತ್ತಿದ್ದವರು ಬಾಲದ ಬುಡದ ತೂತಿಗೆ ಸಲಾಕೆ ಹಾಕಿ ನೋಡಿದ್ದಾ? ಅದು ಖಚಿತವಾಗದೆ ಜೊತೆಗೆ ಬಿಡಬೇಡಿ, ಎರಡೂ ಗಂಡಾದರೆ ಕಾದಾಡಬಹುದು. ಸಲಾಕೆ ನೀವೇ ಹಾಕಲು ಹೋಗಬೇಡಿ, ಒಳಗೆ ಗಾಯ ಆದರೆ ಹೊರಗೆ ಕಾಣುವುದಿಲ್ಲ.

ಹೆಣ್ಣೇ ಅಂತ ಇಟ್ಟುಕೊಂಡರೂ 1200 ಗ್ರಾಂ ಕಡಿಮೆಯಾಯಿತು ತಮ್ಮಾ. ಅದರಲ್ಲೂ ಊಟ ಬಿಟ್ಟಿರುವಾಗ. 1500 ದಾಟಲಿ, ಊಟ ತಪ್ಪದೆ ಮಾಡುತ್ತಿರಲಿ. ಮೊಟ್ಟೆ ಇಡುವ ಹೆಣ್ಣು ಎಷ್ಟೋ ವಾರ ಏನೂ ತಿನ್ನುವುದಿಲ್ಲ, ಮೊಟ್ಟೆಗೆ ಬೇಕಾದ ಕೊಬ್ಬು, ಸುಣ್ಣ ಎಲ್ಲ ತನ್ನ ಮೈಯಿಂದಲೇ ಕೊಡುತ್ತದೆ. ಮೊಟ್ಟೆ ಇಟ್ಟ ಮೇಲೆ ನೋಡಿದರೆ ಬೆನ್ನುಮೂಳೆ ಏಣಿನ ಹಾಗೆ ಎದ್ದು, ಪಕ್ಕದ ಚರ್ಮ ಸಡಿಲವಾಗಿ ಮಡಚಿಕೊಂಡಿರುತ್ತದೆ. ಸಣಕಲು ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಈ ಡಿಸೆಂಬರ್ ಬಿಟ್ಟುಬಿಡಿ. ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ, ಒಂದು ವರ್ಷ ಕಾದರೆ ಏನೂ ಹೋಗುವುದಿಲ್ಲ.

ಸ್ಪೈಡರ್ ಗಂಡು ಬೇಡವೇ ಬೇಡ. ತಲೆ ಅಲ್ಲಾಡುವುದು ಅದರ ಅಭ್ಯಾಸ ಅಲ್ಲ, ಒಳಕಿವಿಯ ರಚನೆಯೇ ಸರಿಯಿಲ್ಲದ್ದು. ಮೈಯ ಬಣ್ಣ ಕೊಡುವ ವಂಶವಾಹಿಯ ಜೊತೆಗೇ ಬರುತ್ತದೆ, ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲು ಆಗಿಲ್ಲ. ಕೆಲವಕ್ಕೆ ಊಟದ ಹೊತ್ತಲ್ಲಿ ಮಾತ್ರ ಸಣ್ಣ ನಡುಕ. ಕೆಲವು ಇಲಿಗೆ ಗುರಿಯಿಟ್ಟು ಹಾರಿದರೆ ಬೇರೆಲ್ಲೋ ಹೋಗಿ ಬೀಳುತ್ತವೆ, ತಲೆ ತಿರುಚಿ ಮಗುಚಿಕೊಳ್ಳುತ್ತವೆ. ತಂದೆಯಲ್ಲಿ ಕಡಿಮೆ ಇದ್ದರೆ ಮರಿಯಲ್ಲೂ ಕಡಿಮೆ ಅನ್ನುವ ಖಾತ್ರಿ ಇಲ್ಲ. ನಿಮ್ಮ ಸಾಮಾನ್ಯ ಹೆಣ್ಣಿಗೆ ಅದನ್ನು ಕೂಡಿಸಿದರೆ ಪ್ರತಿ ಮೊಟ್ಟೆಗೂ ಅರ್ಧಕ್ಕರ್ಧ ಸಾಧ್ಯತೆ. ಗೊತ್ತಿದ್ದೂ ಅಂಥ ಮರಿ ಹುಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ, ಎಷ್ಟು ಚಂದ ಇದ್ದರೂ.

ಸುರತ್ಕಲ್_ಕಡಲು

ಅಕ್ಕಾ, ತುಂಬಾ ಥ್ಯಾಂಕ್ಸ್. ಹೊಟ್ಟೆ ನೋಡಿದೆ, ಕೆಂಪು ಏನೂ ಇಲ್ಲ. ಪೇಪರ್ ಹಾಕಿ ಮ್ಯಾಟ್ ಆನ್ ಮಾಡಿದ್ದೇನೆ. ಗಂಡು ಬೇಡ ಅಂತ ಅವರಿಗೆ ಹೇಳುತ್ತೇನೆ. ಒಂದು ಸಂಶಯ. ಗಂಡು ಇಲ್ಲದೆಯೇ ಮೊಟ್ಟೆ ಇಟ್ಟರೆ ಏನು ಮಾಡಬೇಕು? ಮತ್ತೆ ಪೆಟ್ಟಿಗೆ ಬಗ್ಗೆ ಯಾರೂ ಹೇಳಲಿಲ್ಲ.

ಮಣಿಪಾಲ_ವೆಟ್_ಅಕ್ಕ

ಇಡಬಹುದು. ಹೆಚ್ಚಿನವು ಹಳದಿ, ಚಿಕ್ಕ, ಗಟ್ಟಿ ಮುದ್ದೆ ಆಗಿರುತ್ತವೆ, ತೆಗೆದು ಬಿಸಾಡಿ. ಅಪರೂಪಕ್ಕೆ ಜೀವ ಇರುವುದೂ ಉಂಟು. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿರಬಹುದು ಅನ್ನುವ ಒಂದು ಬಾಲ್ ಪೈಥಾನ್ ಏಳು ಮೊಟ್ಟೆ ಇಟ್ಟಿತು, ಕನಿಷ್ಠ ಹದಿನೈದು ವರ್ಷ ಗಂಡಿನ ಹತ್ತಿರ ಹೋಗಿರಲಿಲ್ಲ. ವೀರ್ಯವನ್ನು ಒಳಗೇ ಕಾಪಾಡಿ ಇಟ್ಟುಕೊಳ್ಳುವ ಶಕ್ತಿ ಇವಕ್ಕಿದೆ, ಗಂಡಿಲ್ಲದೆ ಮರಿ ಮಾಡುವುದೂ ಇದೆ.

ಉಡುಪಿ_ಉರಗ

ಪೆಟ್ಟಿಗೆ ಕತೆ ಹೇಳುತ್ತೇನೆ, ಇದನ್ನು ನಮ್ಮ ಕಡೆಯವರು ಯೋಚಿಸಲೇಬೇಕು.

ಡಿಸೆಂಬರ್, ಜನವರಿಯಲ್ಲಿ ಕೂಡಿದರೆ ಮೊಟ್ಟೆ ಬರುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಮರಿಯಾಗಲು 55ರಿಂದ 60 ದಿನ. ಅಂದರೆ ಪೆಟ್ಟಿಗೆ ಓಡಬೇಕಾದದ್ದು ಬೇಸಿಗೆಯಲ್ಲೇ, ಮೊಟ್ಟೆ ತಡವಾದರೆ ಸರಿಯಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಮೊಟ್ಟೆಗೆ ಬೇಕಾದದ್ದು 31ರಿಂದ 32 ಡಿಗ್ರಿ. ನಿಮ್ಮ ಟೆರೇಸ್ ರೂಮು ಮೇ ಮಧ್ಯಾಹ್ನ ಎಷ್ಟಿರುತ್ತದೆ ಒಮ್ಮೆ ಅಳೆದು ನೋಡಿ. 35 ದಾಟುತ್ತದೆ. ಥರ್ಮೋಸ್ಟ್ಯಾಟ್ ಬಿಸಿಯನ್ನು ನಿಲ್ಲಿಸುತ್ತದೆ ಅಷ್ಟೆ, ತಂಪು ಮಾಡುವುದಿಲ್ಲ! ಕರೆಂಟ್ ಹೋಗಿ ಒಂದೆರಡು ಗಂಟೆ ಸ್ವಲ್ಪ ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಬಿಸಿ ಜಾಸ್ತಿಯಾದರೆ ಒಳಗೇ ಸಾಯುತ್ತದೆ, ಅಥವಾ ಬೆನ್ನು ಸೊಟ್ಟಗಾದ ಮರಿ ಬರುತ್ತದೆ. ಹಾಗಾಗಿ ಕೆಳಗಿನ ಅಂತಸ್ತು, ಬಿಸಿಲು ಬೀಳದ ಒಳಗಿನ ಕೋಣೆ, ನೆಲದ ಮೇಲೆ. ಪೆಟ್ಟಿಗೆಯೊಳಗೆ ನಾಲ್ಕೈದು ನೀರು ತುಂಬಿದ ಬಾಟಲಿ ಇಟ್ಟರೆ ಉಷ್ಣ ಬೇಗ ಏರುವುದಿಲ್ಲ, ಇಳಿಯುವುದೂ ಇಲ್ಲ. ಹಳೆ ಮನೆಯ ದಪ್ಪ ಗೋಡೆಯ ಕೋಣೆ ಇದ್ದರೆ ಅದೇ ಒಳ್ಳೆಯದು. ಗಂಡು ಹಾವು ತರುವ ಮೊದಲು ಒಂದು ಬೇಸಿಗೆ ಖಾಲಿ ಪೆಟ್ಟಿಗೆಯನ್ನೇ ಓಡಿಸಿ ನೋಡಿ.

ಮೊಟ್ಟೆಯನ್ನು ತಿರುಗಿಸಬಾರದು, ಕೋಳಿ ಮೊಟ್ಟೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭ್ರೂಣ ಮೇಲ್ಗಡೆ ಅಂಟಿಕೊಂಡಿರುತ್ತದೆ, ಮಗುಚಿದರೆ ಮುಳುಗಿ ಸಾಯಬಹುದು. ತಾಯಿಯ ಸುತ್ತಿನಿಂದ ತೆಗೆಯುವ ಮೊದಲೇ ಪೆನ್ಸಿಲಿನಲ್ಲಿ ಮೇಲೆ ಒಂದು ಗೆರೆ ಹಾಕಿ. ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ, ಗೊಂಚಲಾಗಿಯೇ ಇಡಿ. ಕತ್ತಲಲ್ಲಿ ಟಾರ್ಚ್ ಹಿಡಿದರೆ ಒಳ್ಳೆಯ ಮೊಟ್ಟೆಯಲ್ಲಿ ಕೆಂಪು ನರಗಳು ಜಾಲದ ಹಾಗೆ ಕಾಣುತ್ತವೆ. ಕೊನೆಗೆ ಮರಿ ಚಿಪ್ಪು ಸೀಳಿ ಮೂತಿ ಹೊರಗೆ ಹಾಕಿ, ಒಂದು ದಿನ ಎರಡು ದಿನ ಅಲ್ಲೇ ಕೂತಿರುತ್ತದೆ. ಆಗ ಕೈ ಹಾಕಬೇಡಿ, ಹಳದಿ ಭಾಗ ಇನ್ನೂ ಹೀರಿಕೊಳ್ಳುತ್ತಿರುತ್ತದೆ.

ಬಂಟ್ವಾಳ_ತೋಟ

ತೋಟದ ಹೆಬ್ಬಾವಿನ ಬಗ್ಗೆ ನಾನು ಹೇಳುತ್ತೇನೆ. ಮುಟ್ಟಬೇಡಿ ಅಣ್ಣ. ನಮ್ಮ ಪೆರ್ಮರಿ (ತುಳುವಿನಲ್ಲಿ ಹೆಬ್ಬಾವು) ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಂಟು, ಹುಲಿ ಇರುವ ಪಟ್ಟಿ ಅದು. ಮೊಟ್ಟೆ ತಂದಿಟ್ಟುಕೊಂಡರೂ ಅಪರಾಧ, 3ರಿಂದ 7 ವರ್ಷ ಜೈಲು. ಬಿಡುವುದಕ್ಕೇ ಮರಿ ಮಾಡಿಸಿದೆ ಅಂದರೂ ಕಾನೂನು ಒಪ್ಪುವುದಿಲ್ಲ. ಪಿಲಿಕುಳದಲ್ಲಿ ಕಾಳಿಂಗದ ಮರಿ ಮಾಡಿಸಿದ್ದಾರಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಮೃಗಾಲಯ, ಅವರಿಗೆ ಅನುಮತಿ ಬೇರೆ.

ಮತ್ತೆ ಆ ತಾಯಿಗೆ ನಮ್ಮ ಪೆಟ್ಟಿಗೆ ಬೇಕಾಗಿಯೂ ಇಲ್ಲ. ಒಣ ಸೋಗೆ ರಾಶಿ, ಹುತ್ತ, ಕಲ್ಲಿನ ಸಂದು, ಇಂಥಲ್ಲಿ ಮೊಟ್ಟೆಗೆ ಸುತ್ತು ಹಾಕಿ ಕೂರುತ್ತದೆ. ತಣ್ಣಗಾದರೆ ಮೈಯ ಸ್ನಾಯುಗಳನ್ನು ಬಿಟ್ಟು ಬಿಟ್ಟು ನಡುಗಿಸಿ ತಾನೇ ಬಿಸಿ ಹುಟ್ಟಿಸುತ್ತದೆ. ಹತ್ತಿರ ನಿಂತು ಸರಿಯಾಗಿ ನೋಡಿದರೆ ಆ ನಡುಕ ಕಣ್ಣಿಗೆ ಕಾಣುತ್ತದೆ, ಇಡೀ ಸುತ್ತು ಒಮ್ಮೆಗೇ ಬಿಗಿದು ಸಡಿಲವಾಗುತ್ತದೆ. ಹೆಚ್ಚಿನ ಹಾವುಗಳಿಗೆ ಇದು ಬರುವುದಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಮರಿಗಳು ಹೊರಗೆ.

ಭಾವನಿಗೆ ಹೇಳಿ, ಆ ಜಾಗಕ್ಕೆ ಎರಡು ತಿಂಗಳು ಸೋಗೆ ಎಳೆಯಲು, ಕಳೆ ಯಂತ್ರ ಓಡಿಸಲು, ಬೆಂಕಿ ಹಾಕಲು ಜನ ಬಿಡಬೇಡಿ. ಮನೆಗೆ ತೀರಾ ಹತ್ತಿರ ಇದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರೇ ಬಂದು ತೀರ್ಮಾನ ಮಾಡಲಿ. ಕೆಲಸದವರು ಹೆದರಿ ಹೊಡೆಯುವ ಮೊದಲು ಹೇಳುವುದು ಮುಖ್ಯ. ಈ ಹಾವು ಇದ್ದ ತೋಟದಲ್ಲಿ ಹೆಗ್ಗಣದ ಕಾಟ ಕಡಿಮೆ, ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ.

ಕುಂದಾಪುರ_ಹೊಳೆಬದಿ

ಒಂದು ವಿಷಯ ಯಾರೂ ಎತ್ತಲಿಲ್ಲ. ಮರಿ ಆದ ಮೇಲೆ ಯಾರಿಗೆ ಕೊಡುತ್ತೀರಿ? ಒಂದು ಸಲಕ್ಕೆ ಆರರ ಆಸುಪಾಸು ಮೊಟ್ಟೆ. ಮರಿ ಹುಟ್ಟಿದ್ದು, ಸತ್ತದ್ದು, ಬೇರೆಯವರಿಗೆ ಕೊಟ್ಟದ್ದು ಎಲ್ಲ ಪೋರ್ಟಲ್‌ನಲ್ಲಿ ತಿಳಿಸಬೇಕು. ತೆಗೆದುಕೊಂಡವರೂ 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಬೇಕು, 2024ರ ನಿಯಮ. ಅಷ್ಟು ಮಾಡುವವರು ಮಂಗಳೂರಿನಲ್ಲಿ ಎಷ್ಟು ಜನ ಸಿಗುತ್ತಾರೆ? ಕೇಳುವಾಗ ಎಲ್ಲರೂ ನನಗೊಂದು ಬೇಕು ಅನ್ನುತ್ತಾರೆ. ಆಮೇಲೆ ಅಮ್ಮ ಬೇಡ ಅಂದರು, ಮದುವೆ ಆಯಿತು, ಗಲ್ಫಿಗೆ ಹೊರಟೆ ಅಂತ ವಾಪಸ್ ತರುತ್ತಾರೆ. ನಮ್ಮ ಕಡೆ ಮನೆಯಲ್ಲಿ ನಾಗನಿಗೆ ತಂಬಿಲ ಕೊಡುವವರೇ ಜಾಸ್ತಿ, ಹಾವನ್ನು ಡಬ್ಬದಲ್ಲಿ ಇಟ್ಟಿದ್ದೀರಾ ಅಂತ ಹಿರಿಯರಿಗೆ ನಿಜವಾಗಿ ನೋವಾಗುತ್ತದೆ. ಅವರ ಜೊತೆ ಮೊದಲೇ ಮಾತಾಡಿ.

ಯಾರಿಗೂ ಬೇಡವಾದರೆ ಗುಡ್ಡೆಗೋ ಹೊಳೆಬದಿಗೋ ಬಿಡುವ ಮಾತೇ ಬರಬಾರದು. ಸಾಕಿದವರು ಬಿಟ್ಟ ಬರ್ಮೀಸ್ ಪೈಥಾನ್ ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ತುಂಬಿಕೊಂಡು ಅಲ್ಲಿನ ಸಣ್ಣ ಪ್ರಾಣಿಗಳನ್ನೆಲ್ಲ ಮುಗಿಸುತ್ತಿವೆ. ಹೊರಗಿನ ಹಾವಿನ ಉಣ್ಣಿ, ರೋಗ ನಮ್ಮ ಪೆರ್ಮರಿಗೆ ಹತ್ತಿದರೆ ಕೇಳುವವರು ಯಾರು?

ಆರು ಮರಿಯನ್ನೂ ನೀವೇ ಸಾಕಲು ಜಾಗ, ದುಡ್ಡು ಉಂಟಾದರೆ ಮಾತ್ರ ಮುಂದುವರಿಯಿರಿ ಅಂತ ನನ್ನ ಅಭಿಪ್ರಾಯ.

ಸುರತ್ಕಲ್_ಕಡಲು

ಎಲ್ಲ ಓದಿದೆ. ಈ ವರ್ಷ ಜೋಡಿ ಮಾಡುವುದಿಲ್ಲ. ಬರುವ ಬೇಸಿಗೆಗೆ ಕೆಳಗಿನ ಕೋಣೆಯಲ್ಲಿ ಖಾಲಿ ಪೆಟ್ಟಿಗೆ ಓಡಿಸಿ ಅಂಕಿ ಇಲ್ಲೇ ಹಾಕುತ್ತೇನೆ. ಭಾವನಿಗೂ ಫೋನ್ ಮಾಡಿದೆ, ಸೋಗೆ ರಾಶಿ ಮುಟ್ಟಿಸುವುದಿಲ್ಲ ಅಂದರು. ಮ್ಯಾಟ್ ಹಾಕಿದ ಮೇಲೆ ತೇವ ಬಿಸಿ ಬದಿಯಲ್ಲಿ 68ಕ್ಕೆ ಬಂದಿದೆ, ಹಾವು ಅಲ್ಲೇ ಮಲಗಿದೆ. ಇಲಿ ಇನ್ನೂ ತಿಂದಿಲ್ಲ. ಯಾವಾಗ ಮತ್ತೆ ಕೊಟ್ಟು ನೋಡಲಿ?

ಉಡುಪಿ_ಉರಗ

ಒಂದು ವಾರ ಸುಮ್ನೆ ಬಿಡಿ, ಎತ್ತುವುದೂ ಬೇಡ. ಆಮೇಲೆ ರಾತ್ರಿ ಲೈಟ್ ಆರಿಸಿ, ಮೊದಲಿಗಿಂತ ಚಿಕ್ಕ ಇಲಿ ಕೊಡಿ, ತಲೆ ಭಾಗ ಚೆನ್ನಾಗಿ ಬೆಚ್ಚಗಿರಲಿ. ಅದು ತುಟಿ ಅಂಚಿನ ಗುಳಿಗಳಿಂದ ಬಿಸಿ ನೋಡಿಯೇ ಹೊಡೆಯುವುದು. ತಿಂದರೆ ಎರಡು ದಿನ ಮುಟ್ಟಬೇಡಿ.