ಹಗಲಲ್ಲಿ ಜಲಪಾತದ ಫೋಟೋ: ಯಾವ ಎನ್‌ಡಿ ಫಿಲ್ಟರ್ ಬೇಕು?

ಪ್ರಶ್ನೆ: ಸರ್, ಮುಂದಿನ ವಾರ ಜೋಗಕ್ಕೆ ಹೋಗ್ತಿದ್ದೇವೆ. ನೀರು ಹಾಲಿನ ಹಾಗೆ ನುಣ್ಣಗೆ ಬರಲಿ ಅಂತ ಶಟರ್ ಅರ್ಧ ಸೆಕೆಂಡಿಗೆ ಇಟ್ಟರೆ ಬಿಸಿಲಲ್ಲಿ ಫೋಟೋ ಪೂರ್ತಿ ಬೆಳ್ಳಗಾಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನೋ ಸೆಟ್ಟಿಂಗ್) 100ಕ್ಕಿಂತ ಕೆಳಗೆ ಇಳಿಯಲ್ಲ. ಅಂಗಡಿಯವರು ಎನ್‌ಡಿ1000 ತಗೊಳ್ಳಿ ಅಂತಾರೆ. ತಗೊಳ್ಳಲಾ?

ಉತ್ತರ: ಜಲಪಾತಕ್ಕೆ ಅಂತಾದರೆ ಬೇಡ, ಎನ್‌ಡಿ64 ಸಾಕು.

ಎನ್‌ಡಿ ಅಂದರೆ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಕಪ್ಪು ಗಾಜು. ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮನಾಗಿ ತಡೆಯುವುದು ಅದರ ಕೆಲಸ. ಅಗ್ಗದ ಫಿಲ್ಟರ್ ಸ್ವಲ್ಪ ಬಣ್ಣ ಬಳಿಯುವುದುಂಟು. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ತೆಗೆದಿದ್ದರೆ ಆಮೇಲೆ ಸರಿ ಮಾಡಬಹುದು. ಎನ್‌ಡಿ8 ಹಾಕಿದರೆ ಎಂಟರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ, ಅಂದರೆ 3 ಸ್ಟಾಪ್ ಕಡಿಮೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ). 64 ಅಂದರೆ 6 ಸ್ಟಾಪ್, 1000 ಅಂದರೆ ಸುಮಾರು 10.

ಒಳ್ಳೇ ಬಿಸಿಲಲ್ಲಿ ಐಎಸ್‌ಒ 100, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/16 ಇಟ್ಟರೆ ಶಟರ್ 1/100 ಸೆಕೆಂಡಿನ ಆಸುಪಾಸು ಬರುತ್ತದೆ. ಎನ್‌ಡಿ64 ಹಾಕಿದರೆ ಅದು 64 ಪಟ್ಟಾಗಿ ಅರ್ಧ ಸೆಕೆಂಡು ದಾಟುತ್ತದೆ. ಎನ್‌ಡಿ1000 ಆದರೆ 10 ಸೆಕೆಂಡು! ಅಷ್ಟು ಹೊತ್ತಲ್ಲಿ ನೀರಿನ ಎಳೆಗಳೆಲ್ಲ ಅಳಿಸಿ ಬರೀ ಬಿಳಿ ಪಟ್ಟೆ ಉಳಿಯುತ್ತದೆ. ಬಂಡೆ ಮೇಲೆ ಹರಡಿಕೊಂಡು ಇಳಿಯುವ ರಾಣಿಗೆ ಅರ್ಧ ಸೆಕೆಂಡೇ ಚೆಂದ. ರಾಕೆಟ್‌ಗೆ ಫಿಲ್ಟರೇ ಬೇಡ ಅಂತೀನಿ. ಚಿಮ್ಮುವುದೇ ಅದರ ಗುಣ ಅಲ್ವಾ, 1/500ರಲ್ಲಿ ತೆಗೆಯಿರಿ.

ಪ್ರಶ್ನೆ: ಫಿಲ್ಟರ್ ಹಾಕಿದ ಮೇಲೆ ಫೋಕಸ್ ಸಿಗುತ್ತಾ ಸರ್? ವೇರಿಯಬಲ್ ಎನ್‌ಡಿ ತಗೊಂಡರೆ ಎಲ್ಲಕ್ಕೂ ಒಂದೇ ಸಾಕಲ್ವಾ?

ಉತ್ತರ: ಗಾಜು ಕಪ್ಪಾದಷ್ಟೂ ಕ್ಯಾಮೆರಾ ಫೋಕಸ್‌ಗೆ ತಡಕಾಡುತ್ತದೆ. ಟ್ರೈಪಾಡ್ ಮೇಲಿಟ್ಟು, ಫಿಲ್ಟರ್ ಇಲ್ಲದೆಯೇ ಫ್ರೇಮ್, ಫೋಕಸ್ ಎರಡೂ ಮುಗಿಸಿ. ಮ್ಯಾನ್ಯುವಲ್ ಫೋಕಸ್‌ಗೆ ಹಾಕಿ, ಆಮೇಲೆ ಫಿಲ್ಟರ್ ತಿರುಗಿಸಿ. ಆಗ ಫೋಕಸ್ ರಿಂಗ್ ಕೈಗೆ ತಾಗಿ ಅಲುಗದಂತೆ ನೋಡಿಕೊಳ್ಳಿ. ಶಟರ್ ಒತ್ತುವಾಗ ಕ್ಯಾಮೆರಾ ಅದುರದಿರಲಿ ಅಂತ 2 ಸೆಕೆಂಡ್ ಟೈಮರ್ ಇಡಿ.

ವೇರಿಯಬಲ್ ಅಂದರೆ ಒಂದರ ಮೇಲೊಂದು ಕೂತ ಎರಡು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಗಾಜು). ತಿರುಗಿಸಿದಂತೆ ಕಪ್ಪಾಗುತ್ತದೆ. ವಿಡಿಯೋದವರಿಗೆ ಅದೇ ಅನುಕೂಲ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ ಶಟರ್ 1/50ರಲ್ಲೇ ಇಟ್ಟು ಬೆಳಕನ್ನು ಮಾತ್ರ ಹೆಚ್ಚುಕಡಿಮೆ ಮಾಡಬಹುದು. ವೈಡ್ ಲೆನ್ಸಿಗೆ ಹಾಕಿ ಕೊನೆಯವರೆಗೂ ತಿರುಗಿಸಿದರೆ ಫೋಟೋದಲ್ಲಿ ಇಂಟು ಮಾರ್ಕಿನ ಆಕಾರದ ಕಪ್ಪು ನೆರಳು ಬೀಳುತ್ತದೆ. ನೀವು ಮಾಮೂಲಿ ಎನ್‌ಡಿ64 ತಗೊಳ್ಳಿ.

ಕೊಳ್ಳುವ ಮುಂಚೆ ಲೆನ್ಸಿನ ಮುಂಭಾಗದಲ್ಲಿ ಬರೆದಿರುವ ಅಳತೆ ನೋಡಿ, 67, 77 ಮಿ.ಮೀ. ಹೀಗಿರುತ್ತದೆ. ನಿಮ್ಮ ದೊಡ್ಡ ಲೆನ್ಸಿನ ಅಳತೆಯದ್ದೇ ಕೊಳ್ಳಿ, ಚಿಕ್ಕದಕ್ಕೆ ದೊಡ್ಡ ಫಿಲ್ಟರ್ ಕೂರಿಸಲು ಸ್ಟೆಪ್-ಅಪ್ ರಿಂಗ್ ಹಾಕಿದರಾಯ್ತು.