ಮರಿ ಇರುವ ಮನೆಯಲ್ಲಿ ಯಾವ ಗಿಡ ಇಡಬಾರದು? ಅನುಭವ ಇದ್ದವರು ಹೇಳಿ

ಹೊಸ ಮರಿ, ವಿಜಯನಗರ: ನಾಲ್ಕು ತಿಂಗಳ ಲ್ಯಾಬ್ (ಲ್ಯಾಬ್ರಡಾರ್) ನಾಯಿಮರಿ ತಂದಿದ್ದೇವೆ. ಕಂಡದ್ದೆಲ್ಲ ಕಚ್ಚುತ್ತೆ. ಬಾಲ್ಕನಿಯಲ್ಲಿ ಮನಿ ಪ್ಲಾಂಟ್, ಡಂಬ್ ಕೇನ್, ಲೋಳೆಸರ ಇವೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಕೊಟ್ಟುಬಿಡಲಿ?

ಸಿಂಬಿಯ ಅಮ್ಮ: ಸೈಕಾಸ್ ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ನರ್ಸರಿಯಲ್ಲಿ ಸಾಗೋ ಪಾಮ್ ಅಂತ ಕೊಟ್ಟಿದ್ದರು. ಅದು ಪಾಮ್ ಜಾತಿಯೇ ಅಲ್ಲ. ಹನ್ನೆರಡು ವರ್ಷ ಸಾಕಿದ ಗಿಡ, ಮೊದಲ ಸಲ ಕೆಂಪು ಬೀಜ ಬಿಟ್ಟಾಗ ಎಲ್ಲರಿಗೂ ಫೋಟೋ ಕಳಿಸಿದ್ದೆ. ಭಾನುವಾರ ನಮ್ಮ ನಾಯಿ ಸಿಂಬಿ ಎರಡು ಬೀಜ ಜಗಿದಳು. ರಾತ್ರಿ ಮೂರು ಸಲ ವಾಂತಿ. ಸೋಮವಾರ ನೀರು ಕುಡಿದು ಮಲಗಿದಳು, ಸುಧಾರಿಸಿದಳು ಅಂದುಕೊಂಡೆ. ನಾನು ಮೋಸಹೋದದ್ದು ಅಲ್ಲೇ. ಆ ವಿಷ ಒಳಗೊಳಗೇ ಲಿವರ್ ತಿನ್ನುತ್ತೆ. ಬುಧವಾರ ಕಣ್ಣು ಹಳದಿ. ಲಿವರ್ ಟೆಸ್ಟ್ ಮೂರು ಸಲ, 1,150ರಂತೆ. ಡ್ರಿಪ್ ದಿನಕ್ಕೆ 900, ಆರು ದಿನ. ಸ್ಕ್ಯಾನ್ 1,800. ಔಷಧಿ 4,270. ಒಟ್ಟು 14,920. ಏಳನೇ ದಿನ ಬೆಳಗಿನ ಜಾವ ಹೋದಳು.

ದಾವಣಗೆರೆ ಹುಡುಗ: ಅವರ ಮನೇಲಿ ಸೈಕಾಸ್ ಇಲ್ಲಲ್ರೀ. ಡಂಬ್ ಕೇನ್ ಬಗ್ಗೆ ನಾನು ಹೇಳ್ತೀನಿ. ಕೆಸುವಿನೆಲೆ ಅರೆಬೆಂದರೆ ಗಂಟಲು ಕೆರೆಯುತ್ತಲ್ಲ, ಅದೇ ಕುಟುಂಬ, ಅದೇ ಸೂಜಿಯಂಥ ಹರಳು. ಮನಿ ಪ್ಲಾಂಟಿನಲ್ಲೂ ಅದೇ. ನಮ್ಮ ನಾಟಿ ನಾಯಿ ಅರ್ಧ ಎಲೆ ಕಚ್ಚಿ ಮೂರು ಗಂಟೆ ಜೊಲ್ಲು ಸುರಿಸ್ತು. ತುಟಿ ಬಾತಿತ್ತು. ಬಾಯಿ ತೊಳೆದು ಮೊಸರು ನೆಕ್ಕಿಸಿದೆ. ಒಂದು ಪೈಸೆ ಖರ್ಚಾಗಲಿಲ್ಲ. ಗಿಡ ಇನ್ನೂ ಅಲ್ಲೇ ಇದೆ. ನಾಯಿಗೆ ಬುದ್ಧಿ ಕಲಿಸಬೇಕು.

ಸಿಂಬಿಯ ಅಮ್ಮ: ಅಂದರೆ ಬುದ್ಧಿ ಕಲಿಸದೆ ನಾನೇ ಕೊಂದೆ ಅಂತಲಾ?

ದಾವಣಗೆರೆ ಹುಡುಗ: ಅಕ್ಕಾ, ನಾನು ಹಾಗೆ ಎಲ್ಲಿ ಅಂದೆ?

ಮೈಸೂರು ಸೊಸೆ: ನಮ್ಮದು ಕಣಗಿಲೆ. ಅತ್ತೆ ಪೂಜೆಯ ಹೂವಿಗೆ ಅಂತ ಕುಂಡದಲ್ಲಿ ಬೆಳೆಸಿದ್ದು. ಸವರಿ ಹಾಕಿದ್ದ ಕಡ್ಡಿಯನ್ನು ನಾಯಿ ಆಟಕ್ಕೆ ಜಗಿಯಿತು. ಮಾವ ವಾಂತಿ ಮಾಡಿಸೋಣ ಅಂತ ಒಂದು ಲೋಟ ಉಪ್ಪುನೀರು ಕುಡಿಸಿಬಿಟ್ಟರು. ಡಾಕ್ಟರು ಬೈದರು, ಉಪ್ಪು ಮೈಗೇರಿದರೆ ಅದೇ ಇನ್ನೊಂದು ವಿಷ ಅಂತ. ಎದೆಬಡಿತ ತಪ್ಪುತ್ತಿತ್ತು. ಎರಡು ರಾತ್ರಿ ಇಸಿಜಿ ಹಾಕಿಸಿಕೊಂಡು ಮಲಗಿತ್ತು. 22,600 ರೂಪಾಯಿ, ನನ್ನ ಚೀಟಿ ದುಡ್ಡು. ಉಳಿಯಿತು. ಅತ್ತೆ ಗಿಡ ಕಡಿಯಲು ಬಿಡಲಿಲ್ಲ, ತಾರಸಿಗೆ ಹೋಯಿತು.

ತೋಟದ ಮನೆ: ನಮ್ಮ ಬೇಲಿ ತುಂಬ ಕಣಗಿಲೆ, ಮೂವತ್ತು ವರ್ಷದಲ್ಲಿ ಒಂದು ನಾಯಿಯೂ ಮುಟ್ಟಿಲ್ಲ. ಉಪ್ಪುನೀರಲ್ಲೇ ಎರಡು ನಾಯಿ ಉಳಿಸಿದ್ದೇನೆ. ಎರಡು ಕೋಣೆಯ ಮನೆಯಲ್ಲಿ ಲ್ಯಾಬ್ ಕೂಡಿಹಾಕಿದರೆ ಅದು ಗಿಡ ಕಚ್ಚದೆ ಇನ್ನೇನು ಮಾಡೀತು?

ಮೈಸೂರು ಸೊಸೆ: ಉಳಿದವು ಉಪ್ಪಿನಿಂದ ಉಳಿದವು ಅಂತ ಹೇಗೆ ಹೇಳ್ತೀರಿ ಸರ್? ಇದನ್ನು ಓದಿ ಯಾರಾದರೂ ಕುಡಿಸಿದರೆ? ದಯವಿಟ್ಟು ಅಳಿಸಿ.

ತೋಟದ ಮನೆ: ಅಳಿಸಲ್ಲ. ಪೇಟೆಯವರಿಗೆ ನಾಯಿ ಯಾಕೆ ಬೇಕು ಅನ್ನೋದೇ ನನ್ನ ಪ್ರಶ್ನೆ.

ದಾವಣಗೆರೆ ಹುಡುಗ: ಅದಕ್ಕೇ ನಾಟಿ ನಾಯಿ ಸಾಕಿ ಅಂತೀನಿ.

ಹೊಸ ಮರಿ, ವಿಜಯನಗರ: ಲೋಳೆಸರದ ಬಗ್ಗೆ ಯಾರಾದರೂ ಹೇಳಿ, ಪ್ಲೀಸ್.

ಮೈಸೂರು ಸೊಸೆ: ನಮ್ಮ ತಂಗಿಯ ನಾಯಿ ತಿಂದು ಎರಡು ದಿನ ಭೇದಿ. ಮೂರನ್ನೂ ಕೊಟ್ಟುಬಿಡಿ. ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್ ಇಡಿ, ವಿಷವಿಲ್ಲ.

ಸಿಂಬಿಯ ಅಮ್ಮ: ಅರೆಕಾ ಕೊಳ್ಳುವಾಗ ಗರಿ ಮುಟ್ಟಿ ನೋಡಿ. ಅರೆಕಾದ್ದು ಮೆತ್ತಗೆ ಬಾಗುತ್ತೆ, ಸೈಕಾಸಿನದು ಬಿರುಸಾಗಿ ಚುಚ್ಚುತ್ತೆ. ನನಗೂ ಪಾಮ್ ಅಂತಲೇ ಕೊಟ್ಟಿದ್ದರು.